ಗಾಜಿನ ಹಿಂದೆ ಇರುವುದೇ ಕಣ್ಣಿಗೆ ಕಾಣುವುದು: ಮೈಸೂರಿನ ಒಂದು ಅಡುಗೆಮನೆ ಗೋಡೆಯ ಪ್ರಕರಣ ಅಧ್ಯಯನ

ಈ ಪ್ರಕರಣದ ಅಡುಗೆಮನೆ ಮೈಸೂರಿನ ಹಳೆಯ ಬಡಾವಣೆಯೊಂದರ ಸ್ವಂತ ಮನೆಯದು. ಸುಮಾರು 10 ಅಡಿ ಉದ್ದ, 8 ಅಡಿ ಅಗಲದ ಕೋಣೆಯಲ್ಲಿ ಎಲ್ ಆಕಾರದ ಕಪ್ಪು ಗ್ರಾನೈಟ್ ಕಟ್ಟೆಯಿದೆ. ಅಡುಗೆ ಮಾಡುವವರು ಪೂರ್ವಕ್ಕೆ ಮುಖಮಾಡಿ ನಿಲ್ಲುವಂತೆ ಪೂರ್ವದ ಗೋಡೆಗೆ ಒಲೆ, ದಕ್ಷಿಣದ ಗೋಡೆಯಲ್ಲಿ ಕಿಟಕಿ, ಕಿಟಕಿಯ ಪಕ್ಕಕ್ಕೆ ಸಿಂಕ್. ಕಟ್ಟೆಯಿಂದ ಮೇಲಿನ ಕಪಾಟಿನ ತಳದವರೆಗೆ 2 ಅಡಿ ಎತ್ತರದ ಡ್ಯಾಡೋ, ಅಂದರೆ ಗೋಡೆಗೆ ಹಾಕಿದ ಟೈಲ್ಸಿನ ಪಟ್ಟಿ. ಮನೆ ಕಟ್ಟಿದಾಗ ಇಲ್ಲಿದ್ದದ್ದು 12×8 ಇಂಚಿನ ಬಿಳಿ ಸೆರಾಮಿಕ್ ಟೈಲ್ಸ್; ನಡುನಡುವೆ ಹಣ್ಣಿನ ಬುಟ್ಟಿಯ ಚಿತ್ರವಿದ್ದ, ಆ ಕಾಲದಲ್ಲಿ ಮನೆಮನೆಯಲ್ಲೂ ಕಾಣುತ್ತಿದ್ದ ಬಗೆಯದು. ಅದನ್ನು ತೆಗೆಸಿ, ಸ್ಥಳೀಯ ಗುತ್ತಿಗೆದಾರರೊಬ್ಬರಿಂದ ನೀಲಿ ಹಸಿರು ಬಣ್ಣದ ಗ್ಲಾಸ್ ಮೊಸಾಯಿಕ್ (ಹಾಳೆಗಳಲ್ಲಿ ಜೋಡಿಸಿ ಬರುವ ಗಾಜಿನ ಪುಟ್ಟ ಚೂರುಗಳು) ಹಾಕಿಸಿಕೊಂಡಿದ್ದರು. ಎರಡು ವರ್ಷ ಕಳೆಯುವಷ್ಟರಲ್ಲಿ ಆ ಗೋಡೆ ಮನೆಯವರ ನೆಮ್ಮದಿ ಕೆಡಿಸಿತ್ತು.

ಒಲೆಯ ಹಿಂದೆ ಸಂದುಗಳೆಲ್ಲ ಅರಿಶಿನದ ಬಣ್ಣಕ್ಕೆ ತಿರುಗಿದ್ದವು. ಗೋಡೆಯ ಅಲ್ಲಲ್ಲಿ, ಮೋಡ ಕವಿದಂತೆ, ಬೂದು ಕಲೆಗಳು ಕಾಣುತ್ತಿದ್ದವು. ಎಷ್ಟು ಒರೆಸಿದರೂ ಹೋಗುತ್ತಿರಲಿಲ್ಲ. ಸಿಂಕಿನ ನಲ್ಲಿಯ ಹಿಂದೆ ಚೂರುಗಳು ಒಂದೊಂದಾಗಿ ಉದುರುತ್ತಿದ್ದವು. ಮಿಕ್ಸಿಯ ಸ್ವಿಚ್ ಬೋರ್ಡಿನ ಮೂಲೆಯಲ್ಲಿ ಬಿರುಕುಗಳಿದ್ದವು. ಗಾಜು ಅಡುಗೆಮನೆಗೆ ಆಗಿಬರುವ ವಸ್ತುವಲ್ಲ, ಮತ್ತೆ ಬಿಳಿ ಸೆರಾಮಿಕ್ಕೇ ಹಾಕಿಸಿ ಎಂಬುದು ಮನೆಯ ಹಿರಿಯರಾದ ಅತ್ತೆಯವರ ನಿಲುವು. ಸೊಸೆಗೆ ಆ ಬಣ್ಣವನ್ನು ಬಿಟ್ಟುಕೊಡಲು ಮನಸ್ಸಿರಲಿಲ್ಲ. ನನ್ನ ಮುಂದೆ ಬಂದ ಪ್ರಶ್ನೆ ಇದು: ಗಾಜನ್ನು ಉಳಿಸಿಕೊಳ್ಳಬಹುದೇ, ಬಿಡಬೇಕೇ? ಗೋಡೆಯನ್ನು ಪರೀಕ್ಷಿಸಿದ ಮೇಲೆ ನನಗೆ ಸ್ಪಷ್ಟವಾದದ್ದೆಂದರೆ, ಅಲ್ಲಿ ಸೋತದ್ದು ಗಾಜಲ್ಲ, ಗಾಜಿನ ಹಿಂದಿನ ಕೆಲಸ. ಸೆರಾಮಿಕ್ ಟೈಲ್ಸ್ ತನ್ನ ಹಿಂದೆ ಏನಿದ್ದರೂ ಮರೆಮಾಚುತ್ತದೆ. ಗಾಜಿಗೆ ಆ ಗುಣವಿಲ್ಲ, ಅದರ ಹಿಂದೆ ಏನಿದೆಯೋ ಅದೇ ಅದರ ಬಣ್ಣವಾಗಿ, ಬಾಳಿಕೆಯಾಗಿ ಮುಂದೆ ಬರುತ್ತದೆ.

ಕಾರಣಗಳ ಪರಿಶೀಲನೆ

ಬೂದು ಕಲೆಯಿದ್ದ ಕಡೆ ಕೆಲವು ಚೂರುಗಳನ್ನು ಕಿತ್ತು ನೋಡಿದೆವು. ಹಿಂದೆ ಇದ್ದದ್ದು ಬರೀ ಬೂದು ಸಿಮೆಂಟಿನ ಹಾಲು. ಅದನ್ನು ಕೆಲವೆಡೆ ದಪ್ಪವಾಗಿ, ಕೆಲವೆಡೆ ತೆಳುವಾಗಿ ಬಳಿದಿದ್ದರು, ಕೆಲವೆಡೆ ಬಳಿದೇ ಇರಲಿಲ್ಲ. ಸಿಮೆಂಟು ತಾಕಿದ ಚೂರು ಕಪ್ಪಾಗಿಯೂ ತಾಕದ ಚೂರು ತಿಳಿಯಾಗಿಯೂ ಕಾಣುತ್ತಿತ್ತು. ಮೋಡದಂತೆ ಕಂಡದ್ದು ಕರಣೆ ಓಡಿದ ದಾರಿಯೇ ಹೊರತು ಕೊಳೆಯಲ್ಲ. ನಾಣ್ಯದಿಂದ ತಟ್ಟಿದಾಗ ಒಲೆಯ ಹಿಂದಿನ ಬಹುಭಾಗ ಪೊಳ್ಳು ಸದ್ದು ಕೊಟ್ಟಿತು. ಕಿತ್ತ ಚೂರುಗಳ ಬೆನ್ನು ತೊಳೆದಿಟ್ಟಂತೆ ಸ್ವಚ್ಛವಾಗಿತ್ತು, ಅಂದರೆ ಸಿಮೆಂಟು ಗಾಜನ್ನು ಹಿಡಿದೇ ಇರಲಿಲ್ಲ.

ಹೀಗಾಗಲು ಕಾರಣ ಸರಳ. ಸೆರಾಮಿಕ್ ಟೈಲ್ಸನ್ನು ನೀರಿನಲ್ಲಿ ನೆನೆಹಾಕಿ ಸಿಮೆಂಟಿನಿಂದ ಕೂರಿಸುವ ನಮ್ಮ ಹಳೆಯ ಪದ್ಧತಿ ನಿಂತಿರುವುದೇ ಟೈಲ್ಸಿನ ಬೆನ್ನು ನೀರು ಹೀರುತ್ತದೆ ಎಂಬ ಆಧಾರದ ಮೇಲೆ. ನೀರಿನ ಜೊತೆಗೆ ಸಿಮೆಂಟಿನ ಅಂಶವೂ ಆ ಸೂಕ್ಷ್ಮ ರಂಧ್ರಗಳೊಳಗೆ ಇಳಿದು ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ನಮ್ಮ ಟೈಲ್ಸ್ ಮೇಸ್ತ್ರಿ ಇದನ್ನು ಒಂದೇ ಮಾತಿನಲ್ಲಿ ಹೇಳಿದರು: "ಗಾಜು ನೀರು ಕುಡಿಯಲ್ಲ ಸಾರ್, ಹಾಗಾಗಿ ಬರೀ ಸಿಮೆಂಟು ಅದನ್ನ ಹಿಡಿಯಲ್ಲ." ಇಲ್ಲಿ ರಾಸಾಯನಿಕವಾಗಿ ಅಂಟುವ ಪಾಲಿಮರ್ ಬೆರೆತ ಅಂಟೇ ಬೇಕು. ಇದರ ಜೊತೆಗೆ ಒಲೆಯ ಬಿಸಿಯೂ ಸೇರುತ್ತದೆ. ಗಾಜು ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಮೀಟರಿಗೆ ಸುಮಾರು 9 ಮೈಕ್ರಾನ್ ಹಿಗ್ಗುತ್ತದೆ, ಸೆರಾಮಿಕ್ಕಿನದು 6ರಿಂದ 7 ಮೈಕ್ರಾನ್. ದಿನಕ್ಕೆ ಹಲವು ಬಾರಿ ಕಾದು ತಣಿಯುವ ಒಲೆಯ ಹಿಂಭಾಗದಲ್ಲಿ ಬಿಗಿಯಾದ, ಬಾಗದ ಸಿಮೆಂಟು ಈ ಎಳೆದಾಟವನ್ನು ಬಹುಕಾಲ ತಾಳುವುದಿಲ್ಲ.

ಸಿಂಕಿನ ಬಳಿ ಉದುರಿದ್ದಕ್ಕೆ ಕಾರಣ ಬೇರೆ. ಅಲ್ಲಿದ್ದ ಹಾಳೆಗಳಲ್ಲಿ ಚೂರುಗಳನ್ನು ಬೆನ್ನಿನ ಕಡೆಯಿಂದ ಬಲೆಗೆ ಅಂಟಿಸಲಾಗಿತ್ತು, ಆ ಬಲೆಯ ಅಂಟು ನೀರಿನಲ್ಲಿ ಕರಗುವ ಜಾತಿಯದು. ಸಂದಿನೊಳಗೆ ಇಳಿದ ನೀರು ಅದನ್ನು ಮೆದುವಾಗಿಸಿ, ಗೋಡೆಗೆ ಬಲೆ, ಬಲೆಯಿಂದ ಬಿಟ್ಟ ಗಾಜು ಎಂಬ ಸ್ಥಿತಿಗೆ ತಂದಿತ್ತು. ಮೊಸಾಯಿಕ್ ಕೊಳ್ಳುವಾಗ ಬಹಳ ಮಂದಿ ಬಣ್ಣವನ್ನಷ್ಟೇ ನೋಡುತ್ತಾರೆ. ಹಾಳೆಯನ್ನು ತಿರುಗಿಸಿ ಬೆನ್ನನ್ನೂ ನೋಡಬೇಕು. ಮುಖದ ಕಡೆ ಕಾಗದ ಅಂಟಿಸಿರುವ ಹಾಳೆಯಾದರೆ ಗಾಜಿನ ಬೆನ್ನು ಪೂರ್ತಿಯಾಗಿ ಅಂಟಿಗೆ ಸಿಗುತ್ತದೆ. ಕೂರಿಸಿದ ಸ್ವಲ್ಪ ಹೊತ್ತಿಗೆ ಕಾಗದವನ್ನು ಒದ್ದೆ ಮಾಡಿ ಸುಲಿದು ತೆಗೆದರಾಯಿತು. ನೀರು ಬೀಳುವ ಜಾಗಕ್ಕೆ ನಾನು ಇದನ್ನೇ ಬಯಸುತ್ತೇನೆ.

ಸ್ವಿಚ್ ಬೋರ್ಡಿನ ಬಿರುಕಿಗೆ ಗ್ರೈಂಡರ್ ಮಿಷನ್ನಿನಿಂದ ಒಳಮೂಲೆಯನ್ನು ಚೂಪಾಗಿ ಕತ್ತರಿಸಿದ್ದೇ ಕಾರಣ. ಹೀಗೆ ಕತ್ತರಿಸಿದ ಗಾಜಿನಲ್ಲಿ ಬಿರುಕು ಸಾಮಾನ್ಯವಾಗಿ ಚೂಪಾದ ಒಳಮೂಲೆಯಿಂದಲೇ ಹೊರಡುತ್ತದೆ.

ಸಂದುಗಳ ಲೆಕ್ಕ

ಅತ್ತೆಯವರ ಆಕ್ಷೇಪದ ತಿರುಳು ಬಣ್ಣವಲ್ಲ, ತೊಳೆಯುವ ಕಷ್ಟ. ದಿನಕ್ಕೆರಡು ಬಾರಿ ಒಗ್ಗರಣೆ ಸಿಡಿಯುವ, ಹಬ್ಬ ಬಂದರೆ ಹಪ್ಪಳ ಸಂಡಿಗೆ ಕರಿಯುವ ಮನೆಯಲ್ಲಿ ಅದು ಸಣ್ಣ ಮಾತಲ್ಲ. ಆದ್ದರಿಂದ ಅದನ್ನು ಲೆಕ್ಕದಿಂದಲೇ ನೋಡೋಣ ಎಂದುಕೊಂಡೆವು. ಒಲೆಯ ಗೋಡೆ 9 ಅಡಿ ಉದ್ದ, 2 ಅಡಿ ಎತ್ತರ; ಕಿಟಕಿಯನ್ನು ಬಿಟ್ಟರೆ ಸಿಂಕಿನ ಕಡೆ ಉಳಿಯುವುದು ಎರಡೂವರೆ ಅಡಿ. ಒಟ್ಟು 23 ಚದರ ಅಡಿ. ಗೋಡೆಯಲ್ಲಿದ್ದದ್ದು 20 ಮಿಲಿಮೀಟರಿನ ಚೌಕ ಚೂರುಗಳು. ಇವು 327 ಮಿಲಿಮೀಟರ್ ಚೌಕದ ಹಾಳೆಯಲ್ಲಿ, ಹಾಳೆಗೆ 225ರಂತೆ ಬರುತ್ತವೆ. 23 ಚದರ ಅಡಿಗೆ 20 ಹಾಳೆ, ಅಂದರೆ 4,500 ಚೂರು. ಅವುಗಳ ನಡುವಿನ ಸಂದುಗಳನ್ನೆಲ್ಲ ಒಂದೇ ಗೆರೆಯಾಗಿ ಜೋಡಿಸಿದರೆ ಸುಮಾರು 196 ಮೀಟರ್ ಉದ್ದವಾಗುತ್ತದೆ. ಹಳೆಯ 12×8 ಇಂಚಿನ ಸೆರಾಮಿಕ್ಕಿನಲ್ಲಿ ಇದೇ ಗೋಡೆಗೆ ಇದ್ದ ಸಂದು ಸುಮಾರು 18 ಮೀಟರ್ ಮಾತ್ರ.

ಅತ್ತೆಯವರು ಹೇಳುತ್ತಿದ್ದದ್ದು ಸರಿಯಾಗಿತ್ತು. ಗಾಜಿನ ಮುಖ ಎಣ್ಣೆಯನ್ನೂ ಅರಿಶಿನವನ್ನೂ ಹೀರುವುದಿಲ್ಲ, ಒಂದು ಒದ್ದೆ ಬಟ್ಟೆಗೆ ಹೋಗುತ್ತದೆ. ಆದರೆ ಸಂದಿನಲ್ಲಿರುವ ಸಿಮೆಂಟ್ ಗ್ರೌಟು ಎರಡನ್ನೂ ಹೀರುತ್ತದೆ. ಮೊಸಾಯಿಕ್ ಹಾಕಿದ ಒಲೆಯ ಗೋಡೆಯಲ್ಲಿ ಸೌಟು ಹಿಡಿದವರು ಸಂಭಾಳಿಸಬೇಕಾದದ್ದು ಆ 196 ಮೀಟರ್ ಸಿಮೆಂಟನ್ನು.

ಇದರಿಂದ ಒಂದು ವಿಂಗಡಣೆ ತಾನಾಗಿ ಮೂಡಿತು. ಒಲೆಯ ಗೋಡೆಗೆ 75×150 ಮಿಲಿಮೀಟರಿನ, 8 ಮಿಲಿಮೀಟರ್ ದಪ್ಪದ ಗಾಜಿನ ಟೈಲ್ಸ್. ಇಡೀ 23 ಚದರ ಅಡಿಗೆ ಇದನ್ನೇ ಹಾಕಿದರೂ ಸಂದು 42 ಮೀಟರ್ ಮೀರುವುದಿಲ್ಲ. ಎಣ್ಣೆ ಸಿಡಿಯದ ಸಿಂಕಿನ ಬದಿಗೆ, ಕಿಟಕಿಯ ಬೆಳಕು ಚೆನ್ನಾಗಿ ಬೀಳುವ ಆ ಎರಡೂವರೆ ಅಡಿಗೆ ಮಾತ್ರ, ಸೊಸೆ ಮೆಚ್ಚಿದ ಮೊಸಾಯಿಕ್. ಎರಡಕ್ಕೂ ಎಪಾಕ್ಸಿ ಗ್ರೌಟ್, ಅಂದರೆ ಸಿಮೆಂಟಿನ ಬದಲು ರಾಳದಿಂದ ಮಾಡಿದ, ಸಂದು ತುಂಬುವ ಮಿಶ್ರಣ.

ಸಂದೇ ಇಲ್ಲದ ಇನ್ನೊಂದು ದಾರಿಯೂ ಇತ್ತು: ಹಿಂಬದಿಗೆ ಬಣ್ಣ ಕೊಟ್ಟ 6 ಅಥವಾ 8 ಮಿಲಿಮೀಟರಿನ ಟಫನ್ಡ್ (ಕಾಯಿಸಿ ಥಟ್ಟನೆ ತಣಿಸಿ ಗಟ್ಟಿ ಮಾಡಿದ) ಗಾಜಿನ ಒಂದೇ ಹಲಗೆ. ವಿಪರೀತ ಕರಿಯುವ ಅಡುಗೆಮನೆಗೆ ಅದೇ ಉತ್ತಮವೆಂದು ನನ್ನ ಅಭಿಪ್ರಾಯ. ಆದರೆ ಟಫನ್ ಮಾಡಿದ ಗಾಜನ್ನು ಆಮೇಲೆ ಕತ್ತರಿಸಲೂ ಆಗದು, ತೂತು ಕೊರೆಯಲೂ ಆಗದು. ಪ್ಲಗ್ಗು, ಕೊಕ್ಕೆ, ಪೈಪು ಎಲ್ಲದರ ಜಾಗವನ್ನೂ ಮೊದಲೇ ಅಳೆದು ಕೊಡಬೇಕು. ಈ ಮನೆಯವರು ಮುಂದೆ ಚಿಮಣಿ ಬದಲಾಯಿಸುವ, ಸೌಟಿನ ಸರಳು ಹಾಕಿಸುವ ಆಲೋಚನೆಯಲ್ಲಿದ್ದರು. ಒಂದು ಟೈಲ್ಸ್ ಒಡೆದರೆ ಒಂದನ್ನೇ ಬದಲಿಸುವ ಅನುಕೂಲ ಅವರಿಗೆ ಮುಖ್ಯವಾಯಿತು. ಕಟ್ಟೆಯ ಮೇಲೂ ಗಾಜು ಹಾಕಬಹುದೇ ಎಂದು ಕೇಳಿದಾಗ ಮಾತ್ರ ಬೇಡವೆಂದು ಖಂಡಿತವಾಗಿ ಹೇಳಿದೆ. ಪಾತ್ರೆ ಎಳೆದಾಡುವ, ತೆಂಗಿನಕಾಯಿ ಒಡೆಯುವ ಜಾಗಕ್ಕೆ ಗ್ರಾನೈಟಿಗಿಂತ ತಕ್ಕದ್ದಿಲ್ಲ.

ಬಣ್ಣ ಬರುವ ದಾರಿ

ಸೊಸೆ ಮನಸ್ಸಿನಲ್ಲಿಟ್ಟುಕೊಂಡಿದ್ದ ಬಣ್ಣ ಮೈಸೂರು ಅರಮನೆಯ ಕಲ್ಯಾಣ ಮಂಟಪದ ಗಾಜಿನ ಚಾವಣಿಯ ನವಿಲಿನ ಹಸಿರು. ಮೈಸೂರಿನವರಿಗೆ ಅದು ಚಿಕ್ಕಂದಿನಿಂದ ಕಣ್ಣಲ್ಲಿ ನಿಂತ ಬಣ್ಣ, ಅವರ ಆಸೆ ನನಗೂ ಹಿಡಿಸಿತು. ಆದರೆ ಅಲ್ಲಿ ಬೆಳಕು ಗಾಜಿನ ಆಚೆಯಿಂದ ಬಂದು, ಗಾಜನ್ನು ಒಮ್ಮೆ ದಾಟಿ, ನೋಡುವವರ ಕಣ್ಣಿಗೆ ಬೀಳುತ್ತದೆ. ಅಡುಗೆಮನೆಯ ಗೋಡೆಯಲ್ಲಿ ಬೆಳಕು ಮುಂದಿನಿಂದ ಹೋಗಿ, ಗಾಜನ್ನು ದಾಟಿ, ಹಿಂದಿನ ಅಂಟಿಗೆ ಬಡಿದು, ಮತ್ತೆ ಗಾಜನ್ನು ದಾಟಿ ಹಿಂದಿರುಗಬೇಕು. ಎರಡು ಬಾರಿ ದಾಟುವುದರಿಂದ ಬಣ್ಣ ಗಾಢವಾಗುತ್ತದೆ, ಹಿಂದಿನ ಅಂಟು ಬೂದಾಗಿದ್ದರೆ ಇನ್ನೂ ಕಂದುತ್ತದೆ. ಅಂಗಡಿಯಲ್ಲಿ ಕೈಯಲ್ಲಿ ಹಿಡಿದು ಬೆಳಕಿಗೆ ಎತ್ತಿದಾಗ ಕಂಡ ಬಣ್ಣ ಗೋಡೆಯಲ್ಲಿ ಕಾಣದಿರುವುದಕ್ಕೆ ಇದೇ ಕಾರಣ. ಹೀಗಾಗಿ ಬೇಕೆನಿಸಿದ ಬಣ್ಣಕ್ಕಿಂತ ಒಂದು ಛಾಯೆ ತಿಳಿಯಾದದ್ದನ್ನು ಆರಿಸಿದೆವು. ಒಂದು ಹಲಗೆಯ ತುಂಡಿನ ಮೇಲೆ ಬಿಳಿ ಅಂಟು ಬಳಿದು, ಮಾದರಿ ಚೂರುಗಳನ್ನು ಕೂರಿಸಿ, ಅದನ್ನು ಅದೇ ಕಟ್ಟೆಯ ಮೇಲೆ ನಿಲ್ಲಿಸಿ ಹಗಲಿನಲ್ಲೂ ದೀಪದಲ್ಲೂ ನೋಡಿದ ಮೇಲೆ ಅತ್ತೆ ಸೊಸೆ ಇಬ್ಬರೂ ಒಪ್ಪಿದರು. ಹೇಳಿಕೊಡುವುದಕ್ಕಿಂತ ತೋರಿಸುವುದರಿಂದ ಇಂಥ ವಿಷಯಗಳು ಬೇಗ ಇತ್ಯರ್ಥವಾಗುತ್ತವೆ.

ಒಲೆಯ ಗೋಡೆಗೆ ಬಂದ ದೊಡ್ಡ ಟೈಲ್ಸಿನಲ್ಲಿ ಬಣ್ಣವಿರುವುದು ಬೆನ್ನಿನ ಲೇಪದಲ್ಲಿ. ಈ ಲೇಪದಲ್ಲಿ ಎರಡು ಬಗೆ: ಗೂಡಿನಲ್ಲಿ ಸುಟ್ಟು ಗಾಜಿಗೆ ಬೆಸೆದದ್ದು ಒಂದು, ತಣ್ಣಗೆ ಬಳಿದ ಬಣ್ಣ ಇನ್ನೊಂದು. ಎರಡನೆಯದರಲ್ಲಿ ಅಂಟು ಹಿಡಿಯುವುದು ಬಣ್ಣವನ್ನು, ಗಾಜನ್ನಲ್ಲ. ಬಣ್ಣ ಸುಲಿದರೆ ಟೈಲ್ಸೇ ಬೀಳುತ್ತದೆ. ಮಾದರಿಗಳನ್ನು ರಾತ್ರಿಯಿಡೀ ನೀರಿನಲ್ಲಿಟ್ಟು, ಬೆಳಿಗ್ಗೆ ನಾಣ್ಯದ ಅಂಚಿನಿಂದ ಬೆನ್ನನ್ನು ಗೀರಿದೆವು. ಅಗ್ಗವಾಗಿ ಸಿಕ್ಕ ಮಾದರಿಯ ಬಣ್ಣ ಸಿಪ್ಪೆಯಂತೆ ಎದ್ದುಬಂತು. ಇನ್ನೊಂದರಲ್ಲಿ ಗೀರು ಕೂಡ ಮೂಡಲಿಲ್ಲ, ಅದನ್ನೇ ತರಿಸಿದೆವು. ಒಲೆಯ ಹಿಂದೆ ಬಳಸಲು ಯೋಗ್ಯವೆಂದು ತಯಾರಕರು ಲಿಖಿತವಾಗಿ ಹೇಳಿದ್ದನ್ನೂ ನೋಡಿಕೊಂಡೆವು. ಟಫನ್ ಮಾಡದ ಸಾಮಾನ್ಯ ಗಾಜಿನ ಒಂದು ಭಾಗ ಇನ್ನೊಂದಕ್ಕಿಂತ ಸುಮಾರು 40 ಡಿಗ್ರಿ ಹೆಚ್ಚು ಕಾದರೆ ಸೀಳುವ ಸಂಭವವಿದೆ. ಆದ್ದರಿಂದ ಒಲೆಯನ್ನೂ ಮುಂದಕ್ಕೆ ಸರಿಸಿ, ಮನೆಯಲ್ಲಿರುವ ಅತಿ ದೊಡ್ಡ ಬಾಣಲೆಯನ್ನು ಹಿಂದಿನ ಬರ್ನರ್ ಮೇಲಿಟ್ಟು, ಅದರ ಅಂಚೂ ಸುತ್ತಿನ ಉರಿಯೂ ಗೋಡೆಯಿಂದ ದೂರ ಇರುವಂತೆ ಜಾಗ ಗುರುತು ಮಾಡಿದೆವು.

ಗೋಡೆಯ ಸಿದ್ಧತೆ ಮತ್ತು ಕೆಲಸ

ಹಳೆಯ ಮೊಸಾಯಿಕ್ ತೆಗೆದಾಗ ಅದರಡಿ ಸಿಮೆಂಟು, ಅದರಡಿ ಎಲ್ಲೋ ಮಧ್ಯೆ ಬಿಳಿ ಪುಟ್ಟಿಯ ಪದರ ಸಿಕ್ಕಿತು. ಪುಟ್ಟಿಯ ಮೇಲೆ ಎಂಥ ಅಂಟು ಹಾಕಿದರೂ ಅದು ಪುಟ್ಟಿಯಷ್ಟೇ ಗಟ್ಟಿ. ಗಿಲಾವು ಕಾಣುವವರೆಗೆ ಎಲ್ಲವನ್ನೂ ಕೆರೆದು, ಪೊಳ್ಳು ಸದ್ದು ಬಂದ ಕಡೆ ಗಿಲಾವನ್ನೂ ಕಿತ್ತು ಹೊಸದಾಗಿ ಮಾಡಿಸಿದೆವು. ಉದ್ದ ಪಟ್ಟಿ ಇಟ್ಟು ನೋಡಿದಾಗ ಒಲೆಯ ಗೋಡೆಯಲ್ಲಿ 6 ಮಿಲಿಮೀಟರಿನಷ್ಟು ಹಳ್ಳವಿತ್ತು. ದಕ್ಷಿಣದ ಕಿಟಕಿಯಿಂದ ಮಧ್ಯಾಹ್ನದ ಬೆಳಕು ಈ ಗೋಡೆಯ ಮೇಲೆ ಓರೆಯಾಗಿ ಜಾರುತ್ತದೆ. ಹೊಳೆಯುವ ಗಾಜು ಆ ಬೆಳಕಿನಲ್ಲಿ ಒಂದು ಮಿಲಿಮೀಟರಿನ ಏರುಪೇರನ್ನೂ ಎತ್ತಿ ತೋರಿಸುತ್ತದೆ. ಅಂಟನ್ನೇ ದಪ್ಪವಾಗಿ ಬಳಿದು ಹಳ್ಳ ತುಂಬುವುದು ಮೇಸ್ತ್ರಿಗಳ ವಾಡಿಕೆ. ಗಾಜಿನ ಕೆಲಸದಲ್ಲಿ ಅದು ಸಲ್ಲದು, ಏಕೆಂದರೆ ದಪ್ಪ ಅಂಟು ಒಣಗುವಾಗ ಕುಗ್ಗಿ ಗಾಜನ್ನು ಎಳೆಯುತ್ತದೆ. ಗಿಲಾವಿನಲ್ಲೇ ಗೋಡೆಯನ್ನು ಸಮ ಮಾಡಿ, 28 ದಿನ ಬಿಟ್ಟೆವು. ಗಾಜು ಹಾಕಿದ ಮೇಲೆ ಗೋಡೆಯ ತೇವ ಹೊರಹೋಗಲು ದಾರಿಯೇ ಇರುವುದಿಲ್ಲವಾದ್ದರಿಂದ ಈ ಕಾಯುವಿಕೆಯಲ್ಲಿ ರಾಜಿ ಮಾಡಿಕೊಳ್ಳುವಂತಿಲ್ಲ. ಅಷ್ಟು ದಿನವೂ ಮನೆಯವರು ಹಿಂದಿನ ಯುಟಿಲಿಟಿಯಲ್ಲಿ ಒಲೆ ಇಟ್ಟುಕೊಂಡು ಅಡುಗೆ ಮಾಡಿದರು. ಆ ತಾಳ್ಮೆ ಇಲ್ಲದಿದ್ದರೆ ಈ ಕೆಲಸ ಹೀಗೆ ಆಗುತ್ತಿರಲಿಲ್ಲ.

ಅಂಟಿನ ಆಯ್ಕೆಯಲ್ಲಿ ನೋಡಿದ್ದು ಮೂರು ಸಂಗತಿ: ಬಣ್ಣ ಬಿಳಿಯಿರಬೇಕು, ಟೈಲ್ಸ್ ಅಂಟಿನ ಭಾರತೀಯ ಮಾನಕವಾದ ಐಎಸ್ 15477ರ ಗುರುತು ಚೀಲದ ಮೇಲಿರಬೇಕು, ಗಾಜಿಗೆ ತಕ್ಕದ್ದೆಂದು ಸ್ಪಷ್ಟವಾಗಿ ಬರೆದಿರಬೇಕು. ಹಲ್ಲಿನ ಕರಣೆಯಿಂದ ಅಂಟನ್ನು ಎಳೆದ ಮೇಲೆ ಏಳುವ ಸಾಲುಗಳನ್ನು ಮೇಸ್ತ್ರಿ ಕರಣೆಯ ಸಮತಟ್ಟಾದ ಬದಿಯಿಂದ ಮತ್ತೆ ಒತ್ತಿ ಮಟ್ಟ ಮಾಡುತ್ತಿದ್ದರು. ಸೆರಾಮಿಕ್ಕಿಗೆ ಈ ಎರಡನೆಯ ಎಳೆತ ಬೇಕಿಲ್ಲ. ಗಾಜಿನಲ್ಲಿ ಆ ಸಾಲುಗಳು ಹಾಗೆಯೇ ಉಳಿದರೆ ಉತ್ತ ಹೊಲದ ಗೆರೆಗಳಂತೆ ಮುಂದಿನಿಂದ ಕಾಣುತ್ತವೆ. ಪ್ರತಿ ಟೈಲ್ಸಿನ ಬೆನ್ನಿಗೂ ತೆಳುವಾಗಿ ಅಂಟು ಬಳಿದು, ಗಾಳಿಯ ಗುಳ್ಳೆ ಉಳಿಯದಂತೆ ಒತ್ತಿ, ರಸಮಟ್ಟ ಇಟ್ಟು ನೋಡಿ ಮುಂದುವರಿದರು. ಸ್ವಿಚ್ ಬೋರ್ಡಿನ ಬಳಿ ಮೊದಲು ವಜ್ರದ ಹಲ್ಲಿನ ಬಿಟ್ಟಿನಿಂದ, ನೀರು ಹನಿಸುತ್ತಾ, ನಿಧಾನ ವೇಗದಲ್ಲಿ ಮೂಲೆಗೊಂದು ದುಂಡು ತೂತು ಕೊರೆದು, ಆಮೇಲೆ ತೂತಿನಿಂದ ತೂತಿಗೆ ಕತ್ತರಿಸಿದರು. ಹೀಗೆ ಮಾಡಿದಾಗ ಒಳಮೂಲೆ ದುಂಡಗಿರುತ್ತದೆ. ಕತ್ತರಿಸಿದ ಅಂಚನ್ನೆಲ್ಲ ಉಜ್ಜಿ ಚೂಪು ತೆಗೆದರು.

ಗ್ರೌಟಿಗೆ ಮುನ್ನ 72 ಗಂಟೆ ಬಿಟ್ಟೆವು. ಸಂದುಗಳು 2 ಮಿಲಿಮೀಟರಿನವು. ಮರಳು ಬೆರೆತ ಗ್ರೌಟ್ ಗಾಜನ್ನು ಗೀರುತ್ತದೆ, ಮರಳಿಲ್ಲದ ಸಿಮೆಂಟ್ ಗ್ರೌಟ್ ಅರಿಶಿನ ಹೀರುತ್ತದೆ. ಎಪಾಕ್ಸಿಯಲ್ಲಿ ಎರಡೂ ತೊಂದರೆಯಿಲ್ಲ, ಆದರೆ ಕಲಸಿದ ಮುಕ್ಕಾಲು ಗಂಟೆಯೊಳಗೆ ಅದು ಬಿಗಿಯತೊಡಗುತ್ತದೆ, ಗಾಜಿನ ಮುಖದ ಮೇಲೆ ಒಣಗಿದರೆ ಬಿಡಿಸುವುದು ಬಹಳ ಕಷ್ಟ. ಆದ್ದರಿಂದ ಒಬ್ಬರು ತುಂಬುವುದು, ಅವರ ಹಿಂದೆಯೇ ಇನ್ನೊಬ್ಬರು ಸ್ಪಂಜಿನಿಂದ ಒರೆಸುವುದು ಎಂದು ಇಬ್ಬರನ್ನು ಹಚ್ಚಿದೆವು. ಬಿಸಿಲು ಬೀಳುವ ಕಡೆ ಎಪಾಕ್ಸಿ ಕಾಲಾಂತರದಲ್ಲಿ ತುಸು ಹಳದಿಯಾಗಬಹುದಾದ್ದರಿಂದ ಅಚ್ಚ ಬಿಳಿಯ ಬದಲು ಬೆಳ್ಳಿಬೂದು ಬಣ್ಣ ಆರಿಸಿದೆವು. ಗೋಡೆಯೂ ಗ್ರಾನೈಟ್ ಕಟ್ಟೆಯೂ ಕೂಡುವ ಕಡೆ, ಎರಡು ಗೋಡೆಗಳ ಮೂಲೆಯಲ್ಲಿ ಮತ್ತು ಕಿಟಕಿಯ ಅಂಚಿನಲ್ಲಿ ಗ್ರೌಟ್ ತುಂಬದೆ ಅದೇ ಬಣ್ಣದ ಸಿಲಿಕೋನ್ ಹಾಕಿಸಿದೆವು; ಗಾಜು ಹಿಗ್ಗಿ ಕುಗ್ಗಲು ಸಿಗುವ ಜಾಗ ಅದೊಂದೇ.

ದೀಪದ ಜಾಗ

ಮೇಲಿನ ಕಪಾಟಿನ ತಳದಲ್ಲಿ ಎಲ್ಇಡಿ ಪಟ್ಟಿ ಮೊದಲಿನಿಂದಲೂ ಇತ್ತು, ಆದರೆ ಗೋಡೆಗೆ ಅಂಟಿಕೊಂಡಂತೆ. ಅಲ್ಲಿಂದ ಬೆಳಕು ಗೋಡೆಯನ್ನು ಸವರಿಕೊಂಡು ಇಳಿಯುತ್ತಿದ್ದುದರಿಂದ ಸಣ್ಣ ಏರುಪೇರೂ ನೆರಳು ಬೀರುತ್ತಿತ್ತು, ಬಿಡಿ ದೀಪಗಳ ಚುಕ್ಕಿಸಾಲು ಗಾಜಿನಲ್ಲೂ ಗ್ರಾನೈಟಿನಲ್ಲೂ ಪ್ರತಿಫಲಿಸಿ ಕಣ್ಣಿಗೆ ಚುಚ್ಚುತ್ತಿತ್ತು. ಪಟ್ಟಿಯನ್ನು ಕಪಾಟಿನ ಮುಂದಿನ ಅಂಚಿಗೆ ತಂದು, ಹಾಲುಬಿಳುಪಿನ ಮುಚ್ಚಳವಿರುವ ಅಲ್ಯೂಮಿನಿಯಂ ಕೊಳವೆಯೊಳಗೆ ಇರಿಸಿದೆವು. ಬೆಳಕು 4000 ಕೆಲ್ವಿನ್‌ನದು, ಅಂದರೆ ಹೆಚ್ಚು ಹಳದಿಯಿಲ್ಲದ ಬಿಳಿ. ಹಳದಿ ಛಾಯೆಯ 2700 ಕೆಲ್ವಿನ್‌ನಲ್ಲಿ ನವಿಲಿನ ಹಸಿರು ಮಂಕಾಗಿ ಕಾಣುವುದನ್ನು ಮಾದರಿ ಹಲಗೆಯಲ್ಲೇ ನೋಡಿದ್ದೆವು.

ಒಂದು ವರ್ಷದ ನಂತರ

ವರ್ಷ ಕಳೆದ ಮೇಲೆ ಗೋಡೆಯನ್ನು ಮತ್ತೆ ತಟ್ಟಿ ನೋಡಿದಾಗ ಎಲ್ಲೂ ಪೊಳ್ಳು ಸದ್ದು ಬರಲಿಲ್ಲ. ಒಲೆಯ ಹಿಂದಿನ ಸಂದುಗಳು ಹಾಕಿದ ಬಣ್ಣದಲ್ಲೇ ಇದ್ದವು. ಅತ್ತೆಯವರು ದಿನವೂ ಪಾತ್ರೆ ಸೋಪಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಒಣ ಬಟ್ಟೆಯಿಂದ ತೇವ ತೆಗೆಯುತ್ತಿದ್ದರು. ಸ್ಟೀಲ್ ನಾರು ಗಾಜನ್ನು ಗೀರುತ್ತದೆಂದೂ, ಬಾತ್‌ರೂಮಿನ ಟೈಲ್ಸ್ ತೊಳೆಯುವ ಆಸಿಡ್ ಇಲ್ಲಿಗೆ ತರಬಾರದೆಂದೂ ಹೇಳಿದ್ದೆವು. ಕೆಲವು ತುಕ್ಕು ತೆಗೆಯುವ ದ್ರಾವಣಗಳಲ್ಲಿರುವ ಹೈಡ್ರೋಫ್ಲೋರಿಕ್ ಆಸಿಡ್ ಗಾಜನ್ನೇ ತಿನ್ನುತ್ತದೆ. ಸಿಂಕಿನ ಬದಿಯ ಮೊಸಾಯಿಕ್ಕಿನ ಮೇಲೆ ಬೋರ್‌ವೆಲ್ ನೀರಿನ ಬಿಳಿ ಕಲೆಗಳು ಕೂತಿದ್ದವು. ತಿಳಿಯಾಗಿ ಬೆರೆಸಿದ ವಿನೆಗರಿನಲ್ಲಿ ಒರೆಸಿ, ಕೂಡಲೇ ಬರಿ ನೀರಿನಿಂದ ತೊಳೆದಾಗ ಹೋದವು.

ಹಾನಿಯಾದದ್ದು ಒಂದೇ ಟೈಲ್ಸಿಗೆ. ಸೌಟಿನ ಸರಳು ಹಾಕಲು ಬಂದ ಕೆಲಸಗಾರರು ಗೋಡೆಗೆ ಬಳಸುವ ಸಾಮಾನ್ಯ ಡ್ರಿಲ್ಲನ್ನು, ಬಡಿತದ ಗುಂಡಿ ಒತ್ತಿಯೇ, ಗಾಜಿನ ಮೇಲಿಟ್ಟಿದ್ದರು. ಮೊದಲೇ ಶೇಕಡ 10ರಷ್ಟು ಹೆಚ್ಚಿಗೆ ತರಿಸಿ ಅಟ್ಟದ ಮೇಲೆ ಇಟ್ಟಿದ್ದರಿಂದ ಅದೇ ತಂಡದ, ಅದೇ ಛಾಯೆಯ ಟೈಲ್ಸ್ ಕೈಯಲ್ಲಿತ್ತು. ಸುತ್ತಲಿನ ಎಪಾಕ್ಸಿಯನ್ನು ಬಿಸಿಗಾಳಿಯ ಯಂತ್ರದಿಂದ ಹದವಾಗಿ ಕಾಯಿಸಿ ಮೆದು ಮಾಡಿ ಕೆರೆದು, ಒಡೆದದ್ದನ್ನು ನಡುವಿನಿಂದ ಅಂಚಿನ ಕಡೆಗೆ ಚೂರುಚೂರಾಗಿ ತೆಗೆದು, ಹಿಂದಿನ ಅಂಟನ್ನು ಗಿಲಾವಿನವರೆಗೆ ಕೆರೆದು ಹೊಸದನ್ನು ಕೂರಿಸಲಾಯಿತು. ಅಕ್ಕಪಕ್ಕದ ಟೈಲ್ಸಿಗೆ ಏನೂ ಆಗಲಿಲ್ಲ. ಸರಳನ್ನು ಈಗ ಟೈಲ್ಸಿಗೆ ಕೊರೆಯದೆ, ಮೇಲಿನ ಕಪಾಟಿನ ತಳದ ಮರಕ್ಕೆ ತಿರುಪು ಹಾಕಿ ತೂಗಿಬಿಟ್ಟಿದ್ದಾರೆ.